ಅಂಕಪಟ್ಟಿಯ ಕೆಳಗೆ ಒಂದು ಸಾಲು ಜಾಸ್ತಿ ಅಚ್ಚು ಹಾಕಿಸಿ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧ್ಯಕ್ಷರಿಗೆ,
ಹಾಗೆಯೇ ಪಿಯು ಮತ್ತು ಪದವಿ ಕಾಲೇಜುಗಳ ನನ್ನ ಸಹೋದ್ಯೋಗಿಗಳಿಗೆ,

ಮಾನ್ಯರೇ,

ಸೇವೆಯಲ್ಲಿ ಇದ್ದಿದ್ದರೆ ಈ ಪತ್ರವನ್ನು ಪ್ರಾಂಶುಪಾಲರ ಮೂಲಕ, ಉಪನಿರ್ದೇಶಕರ ಮೂಲಕ, ಮೂರು ಪ್ರತಿ ಮಾಡಿ ಕಳಿಸಬೇಕಿತ್ತು. ಅದು ನಿಮ್ಮ ಮೇಜು ಮುಟ್ಟುವಷ್ಟರಲ್ಲಿ ಇನ್ನೊಂದು ಬ್ಯಾಚು ಕಾಲೇಜು ಬಿಟ್ಟು ಹೋಗಿರುತ್ತಿತ್ತು. ಈಗ ನಿವೃತ್ತನಾಗಿದ್ದೇನೆ, ಹಾಗಾಗಿ ನೇರವಾಗಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಚಳ್ಳಕೆರೆ ಸೀಮೆಯ ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿದವನು ನಾನು. ಮೊದಲ ಪಿಯುಸಿಯ ಸಂಖ್ಯಾಶಾಸ್ತ್ರದ ಪಾಠಗಳೂ ನನ್ನ ಪಾಲಿಗೇ ಬರುತ್ತಿದ್ದವು. ಅದನ್ನು ಹೇಳಲು ಕಾರಣವಿದೆ: ಮುಂದೆ ಒಪ್ಪಿಕೊಳ್ಳಲಿರುವ ನನ್ನ ತಪ್ಪು ಸಂಖ್ಯಾಶಾಸ್ತ್ರದ್ದೇ.

ಮೂರು ವರ್ಷದ ಹಿಂದಿನ ಮಾತು. ಕಲಾ ವಿಭಾಗದ ಹುಡುಗಿಯೊಬ್ಬಳು ಫಲಿತಾಂಶ ಬಂದ ಮಾರನೇ ದಿನ ಕಾಲೇಜಿಗೆ ಬಂದಳು. 600ಕ್ಕೆ 474. ನಮ್ಮ ಕಾಲೇಜಿನ ಕಲಾ ವಿಭಾಗಕ್ಕೆ ಅದು ಸಣ್ಣ ಅಂಕವಲ್ಲ. ಅಪ್ಪ ಇಲ್ಲ, ಅಮ್ಮ ಶೇಂಗಾ ಕೀಳುವ ಕಾಲಕ್ಕೆ ಕೂಲಿ, ಉಳಿದ ಕಾಲಕ್ಕೆ ಸಿಕ್ಕ ಕೆಲಸ. ‘ಸಾ, ಸೆಂಟ್ರಲ್ ಸ್ಕಾಲರ್‌ಶಿಪ್ಪು ಅಂತ ಏನೋ ಐತಂತೆ, ನಂಗೆ ಬರುತ್ತಾ?’ ಅಂತ ಕೇಳಿದಳು. ನಾನು ಮನಸ್ಸಿನಲ್ಲೇ ಭಾಗಿಸಿದೆ. 79 ಪರ್ಸೆಂಟ್. ‘ಎಂಬತ್ತು ಇರಬೇಕಮ್ಮ ಅದಕ್ಕೆ’ ಅಂದೆ. ‘ಆರೇ ಮಾರ್ಕ್ಸ್ ಅಲ್ವಾ ಸಾ’ ಅಂದಳು. ಆರೇ ಮಾರ್ಕ್ಸ್, ಏನು ಮಾಡುವುದು, ಮರುಮೌಲ್ಯಮಾಪನಕ್ಕೆ ಹಾಕುತ್ತೀಯಾ ಅಂದೆ. ಅದಕ್ಕೆ ಕಟ್ಟುವ ದುಡ್ಡು ಎಷ್ಟು ಎಂದು ಕೇಳಿಕೊಂಡು ಹೋದವಳು ತಿರುಗಿ ಬರಲಿಲ್ಲ.

ಮುಂದಿನ ವರ್ಷ ಮೌಲ್ಯಮಾಪನಕ್ಕೆ ಹೋದಾಗ ಮಧ್ಯಾಹ್ನದ ಟೀ ಹೊತ್ತಿನಲ್ಲಿ ಪಕ್ಕದ ತಾಲ್ಲೂಕಿನ ಮೇಡಂ ಒಬ್ಬರು ಅದೇ ಬ್ಯಾಚಿನ ತಮ್ಮ ವಿದ್ಯಾರ್ಥಿನಿಯ ಸುದ್ದಿ ಹೇಳಿದರು. ಕಲಾ ವಿಭಾಗ, 468 ಅಂಕ, ಅದೇ ವಿದ್ಯಾರ್ಥಿವೇತನ ಅವಳ ಖಾತೆಗೆ ಬಂದಿತ್ತು. ‘ಎಂಬತ್ತು ಪರ್ಸೆಂಟ್ ಆಗಿಲ್ವಲ್ಲ ಮೇಡಂ?’ ಅಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಬಹಳ ಮೆಲ್ಲಗೆ, ‘ಸಾರ್, ಅದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್’ ಅಂದರು. ಕೈಯಲ್ಲಿದ್ದ ಟೀ ತಣ್ಣಗಾಯಿತು.

ಪರ್ಸೆಂಟೈಲ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ಪಾಠ ಮಾಡಬಲ್ಲವನು ನಾನು. ಸುತ್ತೋಲೆಯಲ್ಲಿ ಆ ಪದ ಕಂಡಾಗ ಮಾತ್ರ ಕಣ್ಣು ಅದನ್ನು ಪರ್ಸೆಂಟ್ ಎಂದೇ ಓದಿತ್ತು. ನಾನೊಬ್ಬನೇ ಅಲ್ಲ. ಆಮೇಲೆ ಸಿಕ್ಕಸಿಕ್ಕ ಸಹೋದ್ಯೋಗಿಗಳನ್ನೆಲ್ಲ ಕೇಳಿದ್ದೇನೆ, ಸೈಬರ್ ಅಂಗಡಿಯವರನ್ನು ಕೇಳಿದ್ದೇನೆ, ಗ್ರಾಮ ಒನ್ ಕೇಂದ್ರದ ಹುಡುಗರನ್ನು ಕೇಳಿದ್ದೇನೆ. ಹೆಚ್ಚಿನವರ ಉತ್ತರ ಒಂದೇ: ‘ಏಟಿ ಪರ್ಸೆಂಟ್ ಸಾರ್.’

ಹಾಗಾಗಿ ಮೊದಲು ಆ ನಿಯಮವನ್ನು ಗೊತ್ತಿಲ್ಲದವರಿಗೆ ಬಿಡಿಸಿ ಹೇಳುತ್ತೇನೆ. ತಮಗೆ ಗೊತ್ತಿರುವುದೇ, ಆದರೆ ಇದನ್ನು ಬೇರೆಯವರೂ ಓದುತ್ತಾರೆ.

ಕೇಂದ್ರ ಶಿಕ್ಷಣ ಸಚಿವಾಲಯ 2008ರಿಂದ ಕಾಲೇಜು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತಿದೆ. ಹಿಂದೆ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಎನ್ನುತ್ತಿದ್ದರು, ಈಗ ಮುಂದೆ ಪಿಎಂ-ಯುಎಸ್‌ಪಿ (ಪ್ರಧಾನ ಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ) ಎಂಬ ಹೆಸರು ಸೇರಿದೆ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ ಹೋದರೆ 20,000. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರಿರಬಾರದು. ರೆಗ್ಯುಲರ್ ಕಾಲೇಜಿಗೆ ಹೋಗುತ್ತಿರಬೇಕು, ದೂರಶಿಕ್ಷಣ ನಡೆಯದು, ಡಿಪ್ಲೊಮಾ ನಡೆಯದು. ಬೇರೊಂದು ವಿದ್ಯಾರ್ಥಿವೇತನವನ್ನು ಜೊತೆಗೆ ಪಡೆಯುವಂತಿಲ್ಲ. ಮತ್ತೆ ಅಂಕದ ಮಾತು: ತಾನು ಬರೆದ ಬೋರ್ಡಿನಲ್ಲಿ, ತನ್ನ ವಿಭಾಗದಲ್ಲಿ, ಪಾಸಾದವರ ಪೈಕಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು.

ಈ ಕೊನೆಯದನ್ನು ಹೀಗೆ ತಿಳಿಯಿರಿ. ಕಲಾ ವಿಭಾಗದಲ್ಲಿ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಒಂದೇ ಸಾಲಿನಲ್ಲಿ ನಿಲ್ಲಿಸಿ. ಮುಂದಿನಿಂದ ಎಣಿಸುತ್ತ ಬನ್ನಿ. ನೂರಕ್ಕೆ ಇಪ್ಪತ್ತರಂತೆ ಎಣಿಸಿ ಎಲ್ಲಿ ನಿಲ್ಲುತ್ತೀರೋ, ಅಲ್ಲಿ ನಿಂತ ಹುಡುಗನ ಅಂಕವೇ ಆ ವರ್ಷದ ಗೆರೆ. ಅದು 70 ಪರ್ಸೆಂಟ್ ಇರಬಹುದು, 90 ಪರ್ಸೆಂಟೂ ಇರಬಹುದು. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷ ಗೆರೆ ಕೆಳಗಿಳಿಯುತ್ತದೆ, ಸುಲಭವಾದ ವರ್ಷ ಮೇಲೇರುತ್ತದೆ. ವಿಜ್ಞಾನಕ್ಕೆ ಒಂದು ಗೆರೆ, ವಾಣಿಜ್ಯಕ್ಕೆ ಇನ್ನೊಂದು, ಕಲೆಗೆ ಮತ್ತೊಂದು. ವಿಜ್ಞಾನದಲ್ಲಿ 85 ಪರ್ಸೆಂಟ್ ತೆಗೆದವನು ಗೆರೆಯ ಕೆಳಗಿದ್ದು, ಕಲೆಯಲ್ಲಿ 78 ತೆಗೆದವಳು ಮೇಲಿರುವುದು ಸಾಧ್ಯ. ತಲೆಕೆಳಗಾಗಿ ತಿಳಿದರೆ ಎರಡು ಬಗೆಯ ಅನ್ಯಾಯ. ಅರ್ಹನಲ್ಲದ ವಿಜ್ಞಾನದ ಹುಡುಗ ಎರಡು ದಿನ ಸೈಬರ್ ಅಂಗಡಿಯಲ್ಲಿ ಕಳೆಯುತ್ತಾನೆ, ಅದು ಸಣ್ಣ ನಷ್ಟ. ಅರ್ಹಳಾದ ಕಲಾ ವಿಭಾಗದ ಹುಡುಗಿ ಅರ್ಜಿಯನ್ನೇ ಹಾಕುವುದಿಲ್ಲ, ಅದು ಸಣ್ಣದಲ್ಲ.

ಈಗ ತಮ್ಮಲ್ಲಿ ನನ್ನ ಪ್ರಶ್ನೆ. ಆ ಸಾಲನ್ನು ಯಾರು ನಿಲ್ಲಿಸಬಲ್ಲರು? ಹುಡುಗಿಗೆ ಗೊತ್ತಿರುವುದು ತನ್ನ ಅಂಕ ಒಂದೇ. ನನಗೆ ಗೊತ್ತಿರುವುದು ನನ್ನ ಕಾಲೇಜಿನ ಅಂಕ. ರಾಜ್ಯದ ಅಷ್ಟೂ ಮಕ್ಕಳ ಅಂಕ ಇರುವುದು ತಮ್ಮ ಬಳಿ ಮಾತ್ರ. 2025ರ ದ್ವಿತೀಯ ಪಿಯುಸಿ ಪರೀಕ್ಷೆ 1ಕ್ಕೆ 6,37,805 ಮಕ್ಕಳು ಕೂತು 4,68,439 ಮಕ್ಕಳು ಪಾಸಾದರು ಎಂದು ಫಲಿತಾಂಶದ ದಿನವೇ ಹೇಳಿದಿರಿ. ಉಡುಪಿ ಶೇ 93.90 ಪಡೆದು ಮೊದಲು, ಯಾದಗಿರಿ ಶೇ 48.45 ಪಡೆದು ಕೊನೆ ಎಂದೂ ಹೇಳಿದಿರಿ. ಯಾವ ಜಿಲ್ಲೆ ಎಷ್ಟನೆಯದು ಎಂಬುದನ್ನು ಒಂದೇ ಬೆಳಗ್ಗೆ ಹೇಳಬಲ್ಲ ಕಂಪ್ಯೂಟರು, ಯಾವ ಮಗು ಮೇಲಿನ ಇಪ್ಪತ್ತರೊಳಗೆ ಇದೆ ಎಂದು ಹೇಳಲಾರದೇ?

ಗೆರೆಯ ಅಂಕ ಸುತ್ತೋಲೆಯಾಗಿ ಎಲ್ಲೋ ಬಂದಿರುತ್ತದೆ ಎನ್ನುವಿರಿ. ಇರಬಹುದು. ನಮ್ಮಲ್ಲಿ ಸುತ್ತೋಲೆಯ ದಾರಿ ಹೇಗೆಂದು ತಮಗೂ ಗೊತ್ತು. ಇ-ಮೇಲಿಗೆ ಬರುತ್ತದೆ, ಗುಮಾಸ್ತರು ಪ್ರಿಂಟ್ ತೆಗೆಯುತ್ತಾರೆ, ಪ್ರಾಂಶುಪಾಲರು ‘ನೋಡಿದೆ’ ಎಂದು ಸಹಿ ಹಾಕುತ್ತಾರೆ, ಅದು ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಕೂರುತ್ತದೆ. ಅಷ್ಟರಲ್ಲಿ ಅದನ್ನು ಓದಬೇಕಾದ ಮಕ್ಕಳು ಟಿಸಿ ತೆಗೆದುಕೊಂಡು ಹೋಗಿ ಎರಡು ತಿಂಗಳಾಗಿರುತ್ತದೆ.

ಈ ಯೋಜನೆಯ ಮುಖ್ಯ ತೊಡಕು ನನಗೆ ಕಾಣುವುದು ಇಲ್ಲೇ. ಮಗು ಯಾವ ಕಾಲೇಜಿನ ಕೈಯಲ್ಲೂ ಇರದ ಹೊತ್ತಿನಲ್ಲಿ ಅದರ ಅರ್ಹತೆ ತೀರ್ಮಾನವಾಗುತ್ತದೆ. ಅಂಕ ಬಂದದ್ದು ಪಿಯು ಕಾಲೇಜಿನಲ್ಲಿ, ಅರ್ಜಿಯನ್ನು ಪರಿಶೀಲಿಸಬೇಕಾದದ್ದು ಪದವಿ ಕಾಲೇಜಿನಲ್ಲಿ. ಮಗುವನ್ನು ಬಲ್ಲ ನಮಗೆ ಅರ್ಜಿಯ ಜೊತೆ ಸಂಬಂಧವಿಲ್ಲ. ಅರ್ಜಿಯ ಜೊತೆ ಸಂಬಂಧ ಇರುವವರು ಮಗುವನ್ನು ಇನ್ನೂ ಗುರುತು ಹಿಡಿದಿಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶ, ಪದವಿ ಪ್ರವೇಶ ಮುಗಿದು ತರಗತಿ ಹಳಿಗೆ ಬರುವುದು ಆಗಸ್ಟಿಗೆ, ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ, ಒಮ್ಮೊಮ್ಮೆ ಅದು ಮುಂದೆ ಹೋಗುತ್ತದೆ. ಹೊಸ ಅರ್ಜಿ ಹಾಕಲು ಆ ಮೊದಲ ವರ್ಷ ಬಿಟ್ಟರೆ ಇನ್ನೊಂದು ಅವಕಾಶವಿಲ್ಲ. ಹೊಸ್ತಿಲ ಮೇಲೆ ಬಿದ್ದದ್ದನ್ನು ಒಳಗಿನವರೂ ಎತ್ತುವುದಿಲ್ಲ, ಹೊರಗಿನವರೂ ಎತ್ತುವುದಿಲ್ಲ ಎನ್ನುವ ಹಾಗೆ.

ಹಾಗಾಗಿ ನನ್ನ ಬೇಡಿಕೆ ಒಂದೇ. ಅಂಕಪಟ್ಟಿಯ ಕೆಳಗೆ, ಫಲಿತಾಂಶ ಎಂಬ ಜಾಗದ ಹತ್ತಿರ, ಅರ್ಹ ಮಕ್ಕಳಿಗಷ್ಟೇ ಒಂದು ಸಾಲು ಬರಲಿ:

‘ಈ ವಿದ್ಯಾರ್ಥಿ ತನ್ನ ವಿಭಾಗದಲ್ಲಿ ಉತ್ತೀರ್ಣರಾದವರ ಪೈಕಿ ಮೇಲಿನ ಶೇ 20ರೊಳಗೆ ಇದ್ದಾರೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗೆ ಇದ್ದರೆ ಪದವಿಯ ಮೊದಲ ವರ್ಷದಲ್ಲೇ ಪಿಎಂ-ಯುಎಸ್‌ಪಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.’

ಕನ್ನಡದಲ್ಲಿ. ಅಮ್ಮನಿಗೆ ಓದಿ ಹೇಳುವ ಹಾಗೆ.

ಇದು ಹೊಸ ಕಲ್ಪನೆಯೂ ಅಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆಯಲ್ಲ, ವರ್ಷಕ್ಕೆ 80,000 ರೂಪಾಯಿಯದು, ಅದು 12ನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದಲು ಹೋಗುವವರಿಗೆ. ಅಲ್ಲಿ ಬೋರ್ಡೇ ಮಗುವಿಗೆ ‘ನೀನು ಅರ್ಹ’ ಎಂಬ ಪತ್ರ ಕೊಡುವ ಪದ್ಧತಿ ಇದೆ. ಮೇಲಿನ ಒಬ್ಬನಿಗೆ ಪತ್ರ ಬರೆಯಬಹುದಾದರೆ ಇಪ್ಪತ್ತು ಜನಕ್ಕೂ ಬರೆಯಬಹುದು. ಅದರಲ್ಲೂ ಈ ಇಪ್ಪತ್ತು ಜನಕ್ಕೆ ಅದರ ಅಗತ್ಯ ಹೆಚ್ಚು. ಶೇ 1ರೊಳಗಿನ ಹುಡುಗನ ಹಿಂದೆ ಬಹುಮಟ್ಟಿಗೆ ಒಂದು ಕೋಚಿಂಗ್ ಸೆಂಟರು, ಓದಿದ ಅಪ್ಪ, ಫ್ಲೆಕ್ಸ್ ಹಾಕಿಸಿದ ಕಾಲೇಜು ಇರುತ್ತದೆ. 79 ಪರ್ಸೆಂಟಿನ ಕಲಾ ವಿಭಾಗದ ಹುಡುಗಿಗೆ ಯಾರೂ ಫ್ಲೆಕ್ಸ್ ಹಾಕಿಸಿಲ್ಲ.

ಆಕ್ಷೇಪಗಳು ಬರುತ್ತವೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಮೇಲೆ ಮರುಮೌಲ್ಯಮಾಪನ, ಗೆರೆ ಯಾವಾಗ ಎಳೆಯುವುದು ಎನ್ನಬಹುದು. ಅಂಕಪಟ್ಟಿಯಲ್ಲಿ ಆಗದಿದ್ದರೆ ಜುಲೈ ಹೊತ್ತಿಗೆ ಬೇರೆ ಚೀಟಿ ಕಳಿಸಿ. ಮಗುವಿನ ಮೊಬೈಲ್ ಸಂಖ್ಯೆ ತಮ್ಮಲ್ಲಿದೆ, ಸಂದೇಶ ಕಳಿಸಿ, ಪಟ್ಟಿಯನ್ನು ಆಯಾ ಪಿಯು ಕಾಲೇಜಿಗೂ ಕೊಡಿ, ಟಿಸಿಗೆ ಬಂದವರಿಗೆ ನಾವು ಹೇಳುತ್ತೇವೆ.

ಅರ್ಹತೆ ಇದ್ದಮಾತ್ರಕ್ಕೆ ದುಡ್ಡು ಬರುವುದಿಲ್ಲ, ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದೆ ಎನ್ನುವುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯವಿದೆ. 2025ರ ಲೆಕ್ಕವನ್ನೇ ಹಿಡಿದರೆ ಪಾಸಾದ 4,68,439ರಲ್ಲಿ ಐದನೇ ಒಂದು ಭಾಗ ಎಂದರೆ 93,000 ದಾಟುತ್ತದೆ. ನಮ್ಮೊಂದೇ ಬೋರ್ಡಿನ ಅರ್ಹರು ಇಡೀ ದೇಶದ 82,000 ವಿದ್ಯಾರ್ಥಿವೇತನಕ್ಕಿಂತ ಹೆಚ್ಚು. ಆದಾಯದ ಮಿತಿ ಬಹಳಷ್ಟು ಮಂದಿಯನ್ನು ಕಳೆಯುತ್ತದೆ, ಆದರೂ ಸ್ಪರ್ಧೆ ಇದೆ. ದೇಶದ ಪಾಲನ್ನು ರಾಜ್ಯಗಳಿಗೆ 18ರಿಂದ 25 ವಯಸ್ಸಿನವರ ಸಂಖ್ಯೆ ನೋಡಿ ಹಂಚುತ್ತಾರೆ. ಆಮೇಲೆ ವಿಜ್ಞಾನ, ವಾಣಿಜ್ಯ, ಕಲೆಗೆ 3:2:1ರಂತೆ. ಆರು ರೊಟ್ಟಿಯಲ್ಲಿ ಕಲೆಗೆ ಒಂದು. (ಈ ಹಂಚಿಕೆಯನ್ನು ಮಾಡಿದವರು ದೆಹಲಿಯವರು, ಅದರ ಜಗಳ ಬೇರೆ ಪತ್ರಕ್ಕೆ. ಇಷ್ಟು ಮಾತ್ರ ಹೇಳುತ್ತೇನೆ: ನಮ್ಮ ಕಡೆ ಲ್ಯಾಬಿಲ್ಲದ ಕಾಲೇಜಿನಲ್ಲಿ ಮಕ್ಕಳು ‘ಆರಿಸಿಕೊಳ್ಳುವುದು’ ಕಲಾ ವಿಭಾಗವನ್ನೇ, ಏಕೆಂದರೆ ಅಲ್ಲಿ ಇರುವುದು ಅದೊಂದೇ.) ಸ್ಪರ್ಧೆಯಲ್ಲಿ ಸೋತ ಮಗುವಿಗೆ ಸೋತೆ ಎಂದು ಗೊತ್ತಾಗುತ್ತದೆ. ನನ್ನ ಹುಡುಗಿ ಸೋಲಲೂ ಇಲ್ಲ, ಬಾಗಿಲಲ್ಲೇ ನಾನು ವಾಪಸ್ ಕಳಿಸಿದೆ.

ಇನ್ನು ಪದವಿ ಕಾಲೇಜಿನ ಸಹೋದ್ಯೋಗಿಗಳಿಗೆ ಎರಡು ಮಾತು. ಹುಡುಗರು ಪೋರ್ಟಲ್‌ನಲ್ಲಿ ‘ಸಬ್ಮಿಟ್’ ಒತ್ತಿದರೆ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕಾಲೇಜಿನ ನೋಡಲ್ ಅಧಿಕಾರಿ ಲಾಗಿನ್ ಆಗಿ ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೂತಿರುತ್ತದೆ. ತಾವು ಅದನ್ನು ಗುಮಾಸ್ತಿಕೆ ಎಂದು ತಿಳಿದಿರಬಹುದು. ನನ್ನ ಕಣ್ಣಿಗೆ ಅದು ಹೆಸರು ಸೂಚಿಸುವ ಕೆಲಸ. ‘ಈ ಮಗು ನಮ್ಮದು, ಇದಕ್ಕೆ ಕೊಡಿ’ ಎಂದು ಕಾಲೇಜು ಹೇಳುವ ಏಕೈಕ ಜಾಗ ಅದು. ನಾನು ಬಲ್ಲ ಒಂದು ಕಾಲೇಜಿನಲ್ಲಿ ನೋಡಲ್ ಅಧಿಕಾರಿಗೆ ವರ್ಗಾವಣೆಯಾಗಿ, ಒಟಿಪಿ ಅವರ ಮೊಬೈಲಿಗೇ ಹೋಗುತ್ತಿತ್ತು. ಹೊಸಬರು ಅತಿಥಿ ಉಪನ್ಯಾಸಕರು, ‘ನನ್ನ ಹೆಸರಲ್ಲಿ ಬೇಡ ಸಾರ್’ ಅಂದರು. ಆ ವರ್ಷ ಅಲ್ಲಿಂದ ಒಂದು ಅರ್ಜಿಯೂ ಮುಂದೆ ಹೋಗಲಿಲ್ಲ. ದಾಖಲೆ ಸರಿಯಿಲ್ಲ ಎಂದು ಅರ್ಜಿ ಹಿಂದಿರುಗಿಸಿದರೆ ಮಗುವನ್ನು ಕರೆದು ಬಾಯಲ್ಲಿ ಹೇಳಿ. ಸಂದೇಶ ಹೋಗುವುದು ರೀಚಾರ್ಜ್ ಮುಗಿದ ಅಪ್ಪನ ಫೋನಿಗೆ.

ನಮ್ಮ ಮಕ್ಕಳಿಗೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯೂ ಕೇಂದ್ರದ ಪೋರ್ಟಲ್ ಎನ್‌ಎಸ್‌ಪಿಯೂ ಒಂದೇ. ‘ಸ್ಕಾಲರ್‌ಶಿಪ್ ಹಾಕಿದೀನಿ ಸಾ’ ಅಂದರೆ ಯಾವುದಕ್ಕೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಎರಡರ ಹಣವನ್ನೂ ಪಡೆಯುವಂತಿಲ್ಲವಾದ್ದರಿಂದ ಯಾವುದು ಲಾಭ ಎಂದು ಕೂತು ಲೆಕ್ಕ ಹಾಕಿಕೊಡಬೇಕು. ಶುಲ್ಕ ಮರುಪಾವತಿ ಸಿಗುವ ಪರಿಶಿಷ್ಟ ಜಾತಿ, ಪಂಗಡದ ಮಗುವಿಗೆ ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವೇ ಮೇಲಾಗಬಹುದು, ಬಿಎ ಓದುವ ಇನ್ನೊಂದು ಮಗುವಿಗೆ ಈ 12,000ವೇ ದೊಡ್ಡದಿರಬಹುದು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಯಾವುದೆಂದು ಮೊದಲೇ ನೋಡಿಕೊಳ್ಳಲು ಹೇಳಿ. ಹಣ ಮಂಜೂರಾಗಿ, ಯಾವತ್ತೋ ತೆರೆದು ಮರೆತ ಖಾತೆಗೆ ಹೋಗಿ ಕೂತದ್ದನ್ನು ಕಂಡಿದ್ದೇನೆ. ಮರುವರ್ಷ ನವೀಕರಣಕ್ಕೆ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಿ ಬೇಕು. ಇವೆರಡು ನಿಜಕ್ಕೂ ಪರ್ಸೆಂಟೇ.

ಹೆಸರು ಸೂಚಿಸುವ ಮಾತು ಬಂತಲ್ಲ, ನಮ್ಮ ಸ್ಟಾಫ್ ರೂಮಿನದೊಂದು ಸಂಗತಿ ಹೇಳಿಬಿಡುತ್ತೇನೆ. ಊರಿನ ಟ್ರಸ್ಟೊಂದು ವರ್ಷವೂ ಪತ್ರ ಬರೆಯುತ್ತಿತ್ತು: ಪ್ರತಿಭಾವಂತ, ಬಡ ವಿದ್ಯಾರ್ಥಿಗಳಿಬ್ಬರ ಹೆಸರು ಸೂಚಿಸಿ, ಮುಂದಿನ ಓದಿಗೆ ನೆರವು ಕೊಡುತ್ತೇವೆ ಎಂದು. ನಾವು ಅದಕ್ಕೆ ಸಭೆ ಸೇರುತ್ತಿದ್ದದ್ದು ಐದು ನಿಮಿಷ. ಯಾರಾದರೂ ಒಬ್ಬರು, ‘ಆ ಭಾಷಣ ಮಾಡ್ತಾಳಲ್ಲ, ಅವಳು’ ಅನ್ನುವರು. ಇನ್ನೊಬ್ಬರು ‘ಎನ್‌ಎಸ್‌ಎಸ್ ಕ್ಯಾಂಪಲ್ಲಿ ಓಡಾಡಿದ್ನಲ್ಲ, ಆ ಹುಡುಗ’ ಅನ್ನುವರು. ಮುಗಿಯಿತು. ಇಬ್ಬರೂ ಒಳ್ಳೆಯ ಮಕ್ಕಳೇ, ಅದರಲ್ಲಿ ತಪ್ಪಿಲ್ಲ. ಆದರೆ ಸೂಚಿತವಾಗುತ್ತಿದ್ದದ್ದು ನಮಗೆ ಮುಖ ನೆನಪಿದ್ದವರು. ಒಂದು ವರ್ಷ ವಾಣಿಜ್ಯದಲ್ಲಿ ಕಾಲೇಜಿಗೇ ಎರಡನೆಯವನಾದ ಹುಡುಗ ಯಾರು ಎಂದು ನಮ್ಮಲ್ಲಿ ಮೂವರಿಗೆ ಮುಖವೇ ಹೊಳೆಯಲಿಲ್ಲ. ರಾತ್ರಿ ಹೋಟೆಲ್ಲಿನಲ್ಲಿ ಕೆಲಸ, ಹಿಂದಿನ ಬೆಂಚಿನಲ್ಲಿ ಅರ್ಧ ನಿದ್ದೆ, ಎರಡು ವರ್ಷ ಯಾರನ್ನೂ ಏನೂ ಕೇಳದೆ ಹೋದವನು.

ಆಮೇಲೆ ನಾವು ಕ್ರಮ ಬದಲಿಸಿದೆವು. ಮೊದಲು ಫಲಿತಾಂಶದ ಹಾಳೆ, ಹೆಸರಿನ ಅಂಕಣದ ಮೇಲೆ ಸ್ಕೇಲು ಇಟ್ಟು ಮುಚ್ಚಿ, ಅಂಕದ ಪ್ರಕಾರ ಹತ್ತು ನೋಂದಣಿ ಸಂಖ್ಯೆ. ಆ ಹತ್ತಕ್ಕೆ ಪ್ರವೇಶದ ಅರ್ಜಿಯಲ್ಲಿರುವ ಆದಾಯ. ಕೊನೆಗೆ ಸ್ಕೇಲು ತೆಗೆದು ಹೆಸರು. ಹಾಗೆ ಮಾಡಿದ ಮೊದಲ ವರ್ಷ ಬಂದ ಎರಡು ಹೆಸರನ್ನು ಕೇಳಿ ಸ್ಟಾಫ್ ರೂಮು ಸ್ವಲ್ಪ ಹೊತ್ತು ಸುಮ್ಮನಾಯಿತು. ಮಂಡಳಿಯವರ ಮುಂದೆ ಈ ಸ್ಟಾಫ್ ರೂಮಿನ ಪುರಾಣ ಯಾಕೆ ಎಂದರೆ, ತಮ್ಮ ಕಂಪ್ಯೂಟರಿಗೆ ಹುಟ್ಟಿನಿಂದಲೇ ಆ ಸ್ಕೇಲಿದೆ. ಅದಕ್ಕೆ ಭಾಷಣದ ಹುಡುಗಿಯೂ ಗೊತ್ತಿಲ್ಲ, ಹೋಟೆಲ್ಲಿನ ಹುಡುಗನೂ ಗೊತ್ತಿಲ್ಲ.

ಆ 474ರ ಹುಡುಗಿ ಈಚೆಗೆ ಸಿಕ್ಕಿದ್ದಳು, ಪೇಟೆಯ ಬಟ್ಟೆ ಅಂಗಡಿಯಲ್ಲಿ. ಬೆಳಗ್ಗೆ ಬಿಎ ತರಗತಿ, ಮಧ್ಯಾಹ್ನದ ಮೇಲೆ ಅಂಗಡಿ. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಅಂಗಡಿ ಮುಚ್ಚುವ ಹೊತ್ತಿಗೆ ಅವಳ ಊರಿಗೆ ಬಸ್ಸೂ ಇರುವುದಿಲ್ಲ ಎಂದು ಪೇಟೆಯಲ್ಲೇ ಮೂವರು ಹುಡುಗಿಯರ ಜೊತೆ ರೂಮು ಮಾಡಿದ್ದಾಳೆ. ಹೇಳದೆ ಇರಬಹುದಿತ್ತು, ಹೇಳಿದೆ. ಅದು ಪರ್ಸೆಂಟ್ ಅಲ್ಲವಂತೆ ಕಣಮ್ಮ, ನಾನು ತಪ್ಪು ಹೇಳಿಬಿಟ್ಟೆ ಅಂದೆ. ಸೀರೆ ಮಡಚುತ್ತಲೇ ಕೇಳಿದಳು, ‘ಈಗ ಹಾಕ್ಬೋದಾ ಸಾ?’ ಇಲ್ಲ, ಮೊದಲ ವರ್ಷದಲ್ಲಿ ಮಾತ್ರ ಅಂದೆ. ಮೂರು ವರ್ಷಕ್ಕೆ 36,000 ಎಂಬ ಲೆಕ್ಕವನ್ನು ನಾನು ಹೇಳಲಿಲ್ಲ. ಅವಳೇ ಹಾಕಿಕೊಂಡಿರುತ್ತಾಳೆ, ಲೆಕ್ಕದಲ್ಲಿ ಚುರುಕು.

ಮನೆಗೆ ಬಂದು ನನ್ನ ಹಳೆಯ ಡೈರಿಗಳನ್ನು ತೆಗೆದೆ. ಸ್ಕಾಲರ್‌ಶಿಪ್ ಕೇಳಿಕೊಂಡು ಬಂದವರ ಹೆಸರು, ನೋಂದಣಿ ಸಂಖ್ಯೆ, ಅಂಕ ಬರೆದುಕೊಳ್ಳುವ ಅಭ್ಯಾಸ ನನಗೆ. ಕೊನೆಯ ಆರು ವರ್ಷದಲ್ಲಿ ಹನ್ನೊಂದು ಹೆಸರಿನ ಮುಂದೆ ನನ್ನದೇ ಅಕ್ಷರದಲ್ಲಿ ‘80 ಇಲ್ಲ’ ಎಂದಿದೆ. ಒಂಬತ್ತು ಕಲಾ ವಿಭಾಗದವು, ಎರಡು ವಾಣಿಜ್ಯದವು. ಆ ಹನ್ನೊಂದರಲ್ಲಿ ಎಷ್ಟು ಮಂದಿ ಆಯಾ ವರ್ಷದ ಗೆರೆಯ ಮೇಲಿದ್ದರು ಎಂಬುದನ್ನು ತಮ್ಮ ಕಚೇರಿ ಅರ್ಧ ಗಂಟೆಯಲ್ಲಿ ಹೇಳಬಲ್ಲದು. ನೋಂದಣಿ ಸಂಖ್ಯೆಗಳನ್ನು ವರ್ಷದ ಸಮೇತ ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ